ಮನೆಯಲ್ಲಿ ಹೇಳಲಾಗದ್ದನ್ನು ಗೂಗಲ್‌ಗೆ ಹೇಳುವಾಗ

ಕೆಲವು ವರ್ಷಗಳಿಂದ ನಮ್ಮ ಕಡೆಯ ಮದುವೆ ಮನೆಗಳಲ್ಲಿ, ಕುಬಸದ ಕಾರ್ಯಗಳಲ್ಲಿ, ಜಾತ್ರೆಗೆಂದು ಬೀಗರು ಬಿಜ್ಜರೆಲ್ಲ ಕೂಡಿದ ದಿನಗಳಲ್ಲಿ ಒಂದು ಸಂಗತಿಯನ್ನು ನೋಡುತ್ತ ಬಂದಿದ್ದೇನೆ. ಸ್ವಂತ ಫೋನು ಕೈಯಲ್ಲಿದ್ದು, ಆ ದಿನದ ಡೇಟಾ ಇನ್ನೂ ಉಳಿದಿದ್ದರೂ, ಏನನ್ನೋ ಹುಡುಕುವುದಕ್ಕೆ ಮಾತ್ರ ಮತ್ತೊಬ್ಬರ ಫೋನು ಕೇಳುವವರು ಇರುತ್ತಾರೆ. ಚಾರ್ಜ್ ಇಲ್ಲ, ನೆಟ್ ಬರವಲ್ದು, ಪರದೆ ಒಡೆದಿದೆ ಎಂದು ಕಾರಣವೂ ಸಿದ್ಧವಾಗಿರುತ್ತದೆ. ಕೇಳುವವರು ಹೆಚ್ಚಾಗಿ ಹರೆಯದ ಹುಡುಗಿಯರು ಮತ್ತು ಹೊಸ ಸೊಸೆಯರು. ಒಮ್ಮೊಮ್ಮೆ ಐವತ್ತು ದಾಟಿದ ಗಂಡಸರೂ ಹೌದು. ಫೋನು ಇಸಿದುಕೊಂಡು ಬಾಗಿಲ ಮರೆಗೋ ಮಾಳಿಗೆಯ ಮೆಟ್ಟಿಲಿಗೋ ಹೋಗಿ, ಬೇಗ ಬೇಗ ಏನನ್ನೋ ಟೈಪ್ ಮಾಡಿ, ಓದಿ, ಬಂದು ಮರಳಿಸುತ್ತಾರೆ. ಏನು ನೋಡಿದಿರಿ ಎಂದು ಕೇಳುವುದು ಸಭ್ಯತೆಯಲ್ಲ ಎಂಬುದು ಕೊಟ್ಟವರಿಗೂ ಗೊತ್ತಿರುತ್ತದೆ.

ಸರ್ಚ್ ಎಂಜಿನ್ ಬಳಸುವಾಗ ಗೋಪ್ಯತೆಯನ್ನು ಕಾಪಾಡಿಕೊಳ್ಳುವುದು ಹೇಗೆಂದು ಹೇಳುವ ಬರಹಗಳನ್ನು ಓದುವಾಗಲೆಲ್ಲ ನನಗೆ ಈ ಫೋನು ಕೇಳುವವರು ನೆನಪಾಗುತ್ತಾರೆ. ಆ ಬರಹಗಳಲ್ಲಿ ಒಬ್ಬ ಮನುಷ್ಯನಿಗೆ ಒಂದು ಫೋನು, ಒಂದು ಖಾತೆ, ಬಹುಶಃ ಒಂದು ಕೋಣೆಯೂ ಇರುತ್ತದೆ. ಅವನ ಮೇಲೆ ಕಣ್ಣಿಟ್ಟಿರುವುದು ಸಾಗರದಾಚೆಯ ಕಂಪನಿ ಮಾತ್ರ. ಬಾಗಲಕೋಟೆಯ ನವನಗರದಲ್ಲಿ ಎರಡು ಕೋಣೆಯ ಮನೆಯೊಳಗೆ ಐದಾರು ಜನ ಇರುವಲ್ಲಿ ಲೆಕ್ಕ ಬೇರೆ. ಅಲ್ಲಿ ಮೊದಲು ನೋಡುವುದು ಮನೆಯವರ ಕಣ್ಣು, ಆಮೇಲೆ ಓಣಿಯದು. ಕಂಪನಿಯದು ಎಲ್ಲಕ್ಕಿಂತ ಕೊನೆಗೆ. ಹಾಗೆಂದು ಕಂಪನಿಯ ಕಣ್ಣನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಆ ದೂರದ ಕಣ್ಣು ತಾನು ಕಂಡದ್ದನ್ನು ಮರಳಿ ತಂದು ಹತ್ತಿರದ ಕಣ್ಣಿನ ಮುಂದೆ ಇಡುತ್ತದೆ ಎನ್ನುವುದು ಬಹುದಿನಗಳಿಂದ ನನ್ನನ್ನು ಕೊರೆಯುತ್ತಿರುವ ವಿಷಯ.

ಅಣ್ಣನ ಫೋನು, ಅಣ್ಣನ ಖಾತೆ

ನವನಗರದಲ್ಲಿ ನಮ್ಮ ಬಳಗದ ಹುಡುಗಿಯೊಬ್ಬಳಿದ್ದಾಳೆ. ನನಗೆ ನಾದಿನಿಯ ಸಾಲಿನವಳು ಎಂದಿಟ್ಟುಕೊಳ್ಳಿ. (ಬರಹದ ವಿಷಯವೇ ಇಂಥದ್ದಾಗಿರುವುದರಿಂದ ಸಂಬಂಧವನ್ನೂ ಕಾಯಿಲೆಯನ್ನೂ ಬೇಕೆಂದೇ ಬದಲಿಸಿದ್ದೇನೆ. ಗುರುತು ಹಿಡಿಯಲು ಹೊರಟ ಬಂಧುಗಳು ವೃಥಾ ಶ್ರಮಪಡಬಾರದಾಗಿ ವಿನಂತಿ.) ಒಂದು ಸಂಜೆ ಹಿತ್ತಲ ಕಟ್ಟೆಯ ಮೇಲೆ ಇಬ್ಬರೂ ಶೇಂಗಾ ಸುಲಿಯುತ್ತ ಕುಳಿತಿದ್ದೆವು. ಪಕ್ಕದಲ್ಲಿದ್ದ ಅವಳ ಫೋನಿನಲ್ಲಿ ಯಾವುದೋ ಹಾಡು ಸೊಗಸಾಗಿಯೇ ಓಡುತ್ತಿತ್ತು. ಅವಳು ಕೈ ಜಾಡಿಸಿಕೊಂಡು, "ವೈನಿ, ನಿಮ್ಮ ಫೋನ್ ಒಂದೀಟ್ ಕೊಡ್ರಲ್ಲ, ನಂದರಾಗ ನೆಟ್ ಬರವಲ್ದು" ಎಂದಳು. ಹಾಡು ಓಡುತ್ತಲೇ ಇತ್ತು. ನಾನು ಫೋನು ಕೊಟ್ಟೆ. ಅವಳು ಒಳಗೆ ಹೋಗಿ ಬಂದು, ಹಿಂದಕ್ಕೆ ಕೊಟ್ಟು, ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ರಾತ್ರಿ ನಾನು ಬ್ರೌಸರ್ ತೆರೆದಾಗ ಅದು ಹೊಸ ಫೋನಿನಂತೆ ಖಾಲಿಯಾಗಿತ್ತು. ತಾನು ಹುಡುಕಿದ್ದನ್ನು ಅಳಿಸುವ ಭರದಲ್ಲಿ ನನ್ನ ತಿಂಗಳುಗಳ ಹಿಸ್ಟರಿಯನ್ನೂ ಗುಡಿಸಿ ಹಾಕಿದ್ದಳು.

ಕೆಲವು ದಿನಗಳ ಮೇಲೆ ಫೋನಿನ ಪರದೆಯನ್ನು ಬಲಕ್ಕೆ ಸರಿಸಿದಾಗ ಬರುವ ಗೂಗಲ್‌ನ ಸುದ್ದಿಸಾಲಿನಲ್ಲಿ, ಡಿಸ್ಕವರ್ ಎಂದು ಅದಕ್ಕೆ ಹೆಸರು, ಹೊಸ ಬಗೆಯ ಲೇಖನಗಳು ಕಾಣಿಸಿಕೊಂಡವು. ಚರ್ಮದ ಮೇಲೆ ಬಿಳಿ ಮಚ್ಚೆ ಏಕೆ ಬರುತ್ತದೆ, ತೊನ್ನಿಗೆ ಯಾವ ಚಿಕಿತ್ಸೆಗಳಿವೆ, ಮಚ್ಚೆ ಹರಡದಂತೆ ಏನು ಮಾಡಬೇಕು, ಹೀಗೆ. ಆ ಹೊತ್ತಿಗೆ ಅವಳ ಮನೆಯಲ್ಲಿ ಜಮಖಂಡಿ ಕಡೆಯ ಸಂಬಂಧವೊಂದರ ಮಾತುಕತೆ ನಡೆದಿತ್ತು. ತೊನ್ನು ಮುಟ್ಟಿದರೆ ಅಂಟುವ ರೋಗವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿ ಬೀಳುವುದರಿಂದ ಆಗುವಂಥದ್ದು. ಆದರೆ ಕನ್ಯಾ ನೋಡಲು ಬಂದವರ ಮುಂದೆ ಆ ಒಂದು ಶಬ್ದ ಏನು ಮಾಡೀತು ಎಂಬುದನ್ನು ಈ ಭಾಗದವರಿಗೆ ನಾನು ವಿವರಿಸಬೇಕಾಗಿಲ್ಲ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನಡುವೆ ನಿಂತ ಯಂತ್ರ ತಾನಾಗಿಯೇ ಬಂದು ಹೇಳಿಹೋಗಿತ್ತು.

ಇಲ್ಲಿ ನಡೆದದ್ದು ಸರಳ. ಬ್ರೌಸರ್‌ನ ಹಿಸ್ಟರಿ ಒಂದು ಕಡೆ ಇರುತ್ತದೆ, ಗೂಗಲ್ ಖಾತೆಯಲ್ಲಿ ಮೈ ಆಕ್ಟಿವಿಟಿ ಎಂಬ ಹೆಸರಿನಲ್ಲಿ ಕೂಡುವ ಹುಡುಕಾಟದ ದಾಖಲೆ ಇನ್ನೊಂದು ಕಡೆ ಇರುತ್ತದೆ. ಮೊದಲನೆಯದನ್ನು ಅಳಿಸಿದರೆ ಎರಡನೆಯದು ಅಳಿಯುವುದಿಲ್ಲ. ಡಿಸ್ಕವರ್ ಉಣ್ಣುವುದು ಈ ಎರಡನೆಯದರಿಂದ. ಫೋನಿನಲ್ಲಿ ಗೂಗಲ್ ಖಾತೆ ತೆರೆದು ಅದರ ಡೇಟಾ ಮತ್ತು ಗೋಪ್ಯತೆ ವಿಭಾಗಕ್ಕೆ ಹೋದರೆ 'ವೆಬ್ ಮತ್ತು ಆ್ಯಪ್ ಚಟುವಟಿಕೆ' ಎಂಬುದು ಸಿಗುತ್ತದೆ. ಅಲ್ಲಿ ಒಂದೊಂದಾಗಿ ಅಳಿಸಬಹುದು, ಇಡಿಯಾಗಿ ಅಳಿಸಬಹುದು, ದಾಖಲಿಸುವುದನ್ನೇ ನಿಲ್ಲಿಸಬಹುದು, ಅಥವಾ 3, 18, 36 ತಿಂಗಳಾದ ಮೇಲೆ ತಾನಾಗಿ ಅಳಿಯುವಂತೆ ಹೇಳಿಡಬಹುದು. 2020ರ ಜೂನ್ ನಂತರ ತೆರೆದ ಖಾತೆಗಳಿಗೆ 18 ತಿಂಗಳ ಅವಧಿ ಮೊದಲಿನಿಂದಲೇ ನಿಗದಿಯಾಗಿದೆ. ಅದಕ್ಕಿಂತ ಹಳೆಯ ಖಾತೆಗಳಲ್ಲಿ ನಾವಾಗಿ ಬದಲಿಸದ ಹೊರತು ಎಲ್ಲವೂ ಹಾಗೆಯೇ ಕುಳಿತಿರುತ್ತದೆ. ನಮ್ಮ ಕಡೆಯ ಬಹಳಷ್ಟು ಖಾತೆಗಳು ಮೊದಲ ಆಂಡ್ರಾಯ್ಡ್ ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ತೆರೆದುಕೊಟ್ಟವು. ಪಾಸ್‌ವರ್ಡ್ ಅವನಿಗಷ್ಟೇ ಗೊತ್ತಿತ್ತು, ಈಗ ಅವನಿಗೂ ಮರೆತಿರುತ್ತದೆ.

ಆ ಹುಡುಗಿ ತನ್ನ ಫೋನನ್ನೇ ಏಕೆ ಬಳಸಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅದು ಅವಳ ಅಣ್ಣನ ಹಳೆಯ ಫೋನು. ಅವನು ಹೊಸದು ಕೊಂಡಾಗ ಹಳೆಯದಕ್ಕೆ ಇವಳ ಸಿಮ್ ಹಾಕಿ ಕೊಟ್ಟಿದ್ದ, ಖಾತೆ ಮಾತ್ರ ಅವನದೇ ಉಳಿದಿತ್ತು. ಒಂದೇ ಖಾತೆ ಎರಡು ಫೋನಿನಲ್ಲಿದ್ದರೆ ಇಲ್ಲಿ ಹುಡುಕಿದ್ದು ಅಲ್ಲಿಯ ಸರ್ಚ್ ಬಾಕ್ಸಿನ ಕೆಳಗೆ ಗಡಿಯಾರದ ಚಿಹ್ನೆಯೊಂದಿಗೆ ಕಾಣಿಸುತ್ತದೆ. ಒಮ್ಮೆ ಅವಳು ಧಾರವಾಡದ ಹಾಸ್ಟೆಲ್‌ಗಳ ಬಗ್ಗೆ ಹುಡುಕಿದ್ದಳಂತೆ, ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ, "ಧಾರವಾಡಕ್ಕ ಹೋಗು ವಿಚಾರ ಐತೇನು?" ಎಂದು ಕೇಳಿದನಂತೆ. ಅವನು ಗದರಿಸಿರಲಿಲ್ಲ, ಸಹಜವಾಗಿಯೇ ಕೇಳಿದ್ದ. ಅಷ್ಟು ಸಾಕಾಯಿತು. ಅವಳಿಗೆ ಯಾರೂ ತಂತ್ರಜ್ಞಾನ ಕಲಿಸಿರಲಿಲ್ಲ. ನನ್ನದು ಎನಿಸುವ ಫೋನು ನನ್ನದಲ್ಲ, ಹುಡುಕುವುದಿದ್ದರೆ ಹೊರಗಿನವರದ್ದು ಬಳಸಬೇಕು, ಬಳಸಿದ ಮೇಲೆ ಗುಡಿಸಬೇಕು ಎಂಬ ಪದ್ಧತಿಯನ್ನು ಅವಳೇ ಕಟ್ಟಿಕೊಂಡಿದ್ದಳು. ತಪ್ಪಿದ್ದು ಕೊನೆಯ ಒಂದು ಹೆಜ್ಜೆ ಮಾತ್ರ, ಅದೂ ಅವಳ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ.

ಮುಂದೆ ನವನಗರಕ್ಕೆ ಹೋದಾಗ ಫೋನು ನಿಧಾನವಾಗಿದೆಯಲ್ಲ, ಸರಿಮಾಡಿಕೊಡುತ್ತೇನೆ ಎಂಬ ನೆವ ಹೂಡಿ ಅವಳದೇ ಹೆಸರಿನ ಖಾತೆ ತೆರೆದೆವು. ಅಣ್ಣನ ಖಾತೆಯನ್ನು ತೆಗೆದುಹಾಕಲಿಲ್ಲ. ತೆಗೆದರೆ ಅವನ ಸಂಪರ್ಕ ಸಂಖ್ಯೆಗಳೂ ಫೋಟೊಗಳೂ ಆ ಫೋನಿನಿಂದ ಮಾಯವಾಗಿ ಹೊಸ ಪ್ರಶ್ನೆಗಳು ಏಳುತ್ತಿದ್ದವು. ಎರಡನೆಯ ಖಾತೆಯಾಗಿ ಸೇರಿಸಿ, ಬ್ರೌಸರ್‌ನಲ್ಲೂ ಗೂಗಲ್ ಆ್ಯಪ್‌ನಲ್ಲೂ ಮೂಲೆಯ ದುಂಡು ಚಿತ್ರವನ್ನು ಒತ್ತಿ ಅವಳ ಖಾತೆಗೆ ಬದಲಿಸಿದೆವು. ಓಟಿಪಿ ಅವಳ ನಂಬರಿಗೇ ಬಂತು. ಇಷ್ಟು ನಡೆಯುವಾಗ ಬಿಳಿ ಮಚ್ಚೆಯ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ನನ್ನ ಖಾತೆಯಲ್ಲಿ ಉಳಿದಿದ್ದ ಅವಳ ಹುಡುಕಾಟವನ್ನು ಅಷ್ಟರಲ್ಲಾಗಲೇ ಅಳಿಸಿದ್ದೆ.

ಇನ್‌ಕಾಗ್ನಿಟೊ ಯಾರಿಂದ ಮರೆಮಾಡುತ್ತದೆ

ಇನ್‌ಕಾಗ್ನಿಟೊ ಎಂದರೆ ಬ್ರೌಸರ್‌ನ ಖಾಸಗಿ ಕಿಟಕಿ. ಅದರ ಟೋಪಿ ಕನ್ನಡಕದ ಚಿತ್ರವನ್ನು ಕಂಡು ಜನ ಎರಡು ಬಗೆಯಲ್ಲಿ ತಪ್ಪು ತಿಳಿಯುತ್ತಾರೆ. ಕೆಲವರಿಗೆ ಅದು ಕೆಟ್ಟದ್ದನ್ನು ನೋಡುವವರ ಸಾಧನ. ಮಗಳ ಫೋನಿನಲ್ಲಿ ಇನ್‌ಕಾಗ್ನಿಟೊ ತೆರೆದಿದ್ದರೆ ಮನೆಯಲ್ಲಿ ವಿಚಾರಣೆಯೇ ನಡೆಯುತ್ತದೆ. ಇನ್ನು ಕೆಲವರಿಗೆ ಅದು ಜಗತ್ತಿನಿಂದಲೇ ಮರೆಮಾಡುವ ಕಂಬಳಿ. ನಿಜದಲ್ಲಿ ಅದರ ಕೆಲಸ ಸಣ್ಣದು. ಕಿಟಕಿ ಮುಚ್ಚಿದ ಕೂಡಲೇ ಆ ಫೋನಿನಲ್ಲಿ ಹಿಸ್ಟರಿ, ಕುಕಿ (ತಾಣಗಳು ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತಿನ ಚೀಟಿ), ತುಂಬಿದ ಅರ್ಜಿಯ ವಿವರಗಳು ಉಳಿಯುವುದಿಲ್ಲ. ಖಾತೆಗೆ ಲಾಗಿನ್ ಆಗದಿದ್ದರೆ ಖಾತೆಯಲ್ಲೂ ದಾಖಲಾಗುವುದಿಲ್ಲ. ಆದರೆ ನೀವು ತೆರೆದ ಜಾಲತಾಣಕ್ಕೆ, ಸರ್ಚ್ ಎಂಜಿನ್‌ಗೆ, ನೆಟ್ ಕೊಡುವ ಕಂಪನಿಗೆ ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಎಂದಿನಂತೆ ಕಾಣುತ್ತಲೇ ಇರುತ್ತದೆ. ಇದನ್ನು ಸ್ಪಷ್ಟವಾಗಿ ಹೇಳಲಿಲ್ಲವೆಂದೇ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಸಾಮೂಹಿಕ ದಾವೆ ಹೂಡಲಾಯಿತು. 2024ರ ಏಪ್ರಿಲ್‌ನಲ್ಲಿ ಹೊರಬಂದ ರಾಜಿಯ ಪ್ರಕಾರ ಖಾಸಗಿ ಕಿಟಕಿಗಳ ಮೂಲಕ ಕೂಡಿದ್ದ ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಇಲ್ಲವೆ ಅವುಗಳಿಂದ ಗುರುತು ತೆಗೆಯಲು, ಇನ್‌ಕಾಗ್ನಿಟೊ ತೆರೆದಾಗ ಕಾಣುವ ಸೂಚನೆಯನ್ನು ತಿದ್ದಿ ಬರೆಯಲು ಕಂಪನಿ ಒಪ್ಪಿತು.

ಆ ಸುದ್ದಿ ಬಂದಾಗ ಇನ್‌ಕಾಗ್ನಿಟೊ ಎಂಬುದೇ ಮೋಸ ಎಂದು ಬರೆದವರು ಬಹಳ ಮಂದಿ. ನಾನು ಹಾಗೆನ್ನಲಾರೆ. ಮೇಲೆ ಹೇಳಿದ ಹುಡುಗಿಗೆ ಬೇಕಾಗಿದ್ದುದು ಅದೇ ಸಣ್ಣ ಕೆಲಸ. ಅಮೆರಿಕದ ಮೌಂಟನ್ ವ್ಯೂನಲ್ಲಿರುವ ಗೂಗಲ್ ಕಂಪನಿಗೆ ತಿಳಿದರೆ ಅವಳಿಗೆ ಆಗಬಹುದಾದ ಕೇಡಿಗಿಂತ ಪಡಸಾಲೆಯಲ್ಲಿ ಕುಳಿತವರಿಗೆ ತಿಳಿದರೆ ಆಗುವ ಕೇಡು ದೊಡ್ಡದು, ಮತ್ತು ಅದು ಅದೇ ವಾರದಲ್ಲಿ ಆಗುವಂಥದ್ದು. ಗೋಪ್ಯತೆಯ ಉಪದೇಶ ಮಾಡುವವರು ಮೊದಲು ಕೇಳಬೇಕಾದ್ದು ಯಾರಿಂದ ಮುಚ್ಚಿಡಬೇಕಾಗಿದೆ ಎಂಬುದನ್ನು. ಅದಕ್ಕೆ ಉತ್ತರ ಸಿಗುವ ಮುನ್ನ ಕೊಡುವ ಸಲಹೆಯೆಲ್ಲ ಬೇರೆಯವರ ಚೀಟಿಗೆ ಕೊಟ್ಟ ಔಷಧ.

ಸೈಬರ್ ಸೆಂಟರ್‌ನ ಕಂಪ್ಯೂಟರು

ವಿಜಯಪುರದಲ್ಲಿ ಅರ್ಜಿ ತುಂಬುವ ಕಾಲ ಬಂತೆಂದರೆ ಸೈಬರ್ ಸೆಂಟರ್‌ಗಳ ಮುಂದೆ ಸಾಲು ನಿಲ್ಲುತ್ತದೆ. ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಹುಡುಗರು ಪ್ಲಾಸ್ಟಿಕ್ ಚೀಲದಲ್ಲಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಹಿಡಿದು ನಿಂತಿರುತ್ತಾರೆ. ಬಂಧುವೊಬ್ಬನ ವಿದ್ಯಾರ್ಥಿವೇತನದ ಅರ್ಜಿಗೆಂದು ನಾನೂ ಒಂದು ಸೆಂಟರ್‌ಗೆ ಹೋಗಿದ್ದೆ. ಕುಳಿತಿದ್ದ ಹುಡುಗ ಚುರುಕಾಗಿದ್ದ, ಬೆರಳುಗಳು ಹಾರುತ್ತಿದ್ದವು. ಪ್ರಮಾಣಪತ್ರದ ಆರ್‌ಡಿ ನಂಬರು ತುಂಬುವ ಕಡೆ ಅವನು ಆರ್ ಮತ್ತು ಡಿ ಒತ್ತಿದ ಕೂಡಲೇ ಕೆಳಗೆ ಉದ್ದನೆಯ ಪಟ್ಟಿಯೊಂದು ಇಳಿದು ಬಂತು. ಅಂದಿನಿಂದ ಹಿಂದಕ್ಕೆ ಆ ಕುರ್ಚಿಯ ಮುಂದೆ ನಿಂತುಹೋದ ಹುಡುಗರ ಆರ್‌ಡಿ ನಂಬರುಗಳೆಲ್ಲ ಅದರಲ್ಲಿದ್ದವು. ಹೆಸರಿನ ಜಾಗದಲ್ಲಿ ಹೆಸರುಗಳು, ಮೊಬೈಲ್ ನಂಬರಿನ ಜಾಗದಲ್ಲಿ ನಂಬರುಗಳು. ಅವನಿಗೆ ಅದು ಬರೀ ಅಡ್ಡಿ. ಎಸ್ಕೇಪ್ ಒತ್ತಿ ಮುಂದೆ ಹೋಗುತ್ತಿದ್ದ.

ನಡುವೆ ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ ಖಾಲಿಯಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಲು ಕುಳಿತ. ಒಂದಕ್ಷರ ಒತ್ತುವ ಮೊದಲೇ ಸರ್ಚ್ ಬಾಕ್ಸಿನ ಕೆಳಗೆ ಹಳೆಯ ಹುಡುಕಾಟಗಳು ಬಿದ್ದವು: ಒಂದು ಫಲಿತಾಂಶ, ಒಂದು ಬಸ್ಸಿನ ವೇಳೆ, ನಡುವೆ ಎಡಗೈ ಜೋಮಿನ ಬಗ್ಗೆ ಒಂದು ಪ್ರಶ್ನೆ, ವಿಚ್ಛೇದನಕ್ಕೆ ಎಷ್ಟು ಖರ್ಚಾಗುತ್ತದೆಂದು ಇನ್ನೊಂದು. ಎಲ್ಲ ಕಂಪ್ಯೂಟರುಗಳೂ ಮಾಲೀಕನದೇ ಜಿಮೇಲ್ ಖಾತೆಯಲ್ಲಿ ಲಾಗಿನ್ ಆಗಿದ್ದವು. ಪ್ರಿಂಟ್ ತೆಗೆಯಲು ಬರುವ ಕಡತಗಳಿಗೆ ಅದು ಅನುಕೂಲವಂತೆ. ಆ ವಿಚ್ಛೇದನದ ಪ್ರಶ್ನೆಯ ಒಡತಿ ಅಥವಾ ಒಡೆಯ ಯಾರೆಂದು ನಮಗೆ ಗೊತ್ತಿಲ್ಲ. ಆದರೆ ಮಾಲೀಕನಿಗೆ ಆ ಓಣಿಯ ಗಿರಾಕಿಗಳೆಲ್ಲ ಮುಖಪರಿಚಯ, ಮತ್ತು ಮೈ ಆಕ್ಟಿವಿಟಿಯಲ್ಲಿ ಪ್ರತಿ ಹುಡುಕಾಟದ ಎದುರು ಗಂಟೆ ನಿಮಿಷ ನಮೂದಾಗಿರುತ್ತದೆ. ಇಂಥಲ್ಲಿ ಹುಡುಕಲೇಬೇಕಾದರೆ ಹೊಸದಾಗಿ ಖಾಸಗಿ ಕಿಟಕಿ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಬೇಕು. ಕಂಟ್ರೋಲ್, ಶಿಫ್ಟ್ ಮತ್ತು ಎನ್ ಒಟ್ಟಿಗೆ ಒತ್ತಿದರೆ ಕ್ರೋಮ್‌ನಲ್ಲಿ ಅದು ತೆರೆಯುತ್ತದೆ, ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಅರ್ಜಿಯನ್ನೂ ಅದರಲ್ಲೇ ತುಂಬಿರೆಂದು ಸೆಂಟರಿನ ಹುಡುಗನಿಗೆ ಹೇಳಬಹುದು. ನಾನು ಹೇಳಿದಾಗ ಅವನು ಬೇಸರಪಡಲಿಲ್ಲ, "ಆತ್ರಿ ಮೇಡಂ" ಎಂದ.

ನಂಬರಿನ ಹಿಂದಿನ ಮನುಷ್ಯ

ಈಗ ದೂರದ ಕಣ್ಣಿನ ವಿಚಾರ. ಕೋಟ್ಯಂತರ ಜನರ ನಡುವೆ ನಾನು ಯಾರೆಂದು ಅವರಿಗೇನು ಗೊತ್ತು ಎಂಬುದು ಇಲ್ಲಿ ಸಾಮಾನ್ಯವಾಗಿ ಕೇಳುವ ಮಾತು. ಇದಕ್ಕೆ 2006ರ ಆಗಸ್ಟ್‌ನಲ್ಲೇ ಉತ್ತರ ಸಿಕ್ಕಿದೆ. ಅಮೆರಿಕದ ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಸಂಶೋಧಕರಿಗೆ ಉಪಯೋಗವಾಗಲೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಮಾಡಿದ ಸುಮಾರು 2 ಕೋಟಿ ಹುಡುಕಾಟಗಳನ್ನು ಬಹಿರಂಗವಾಗಿ ಇಟ್ಟಿತು. ಹೆಸರು ತೆಗೆದು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟಿದ್ದರಿಂದ ತೊಂದರೆಯಿಲ್ಲವೆಂದು ಅವರೆಣಿಸಿದ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು 4417749 ಎಂಬ ಸಂಖ್ಯೆಯ ಹುಡುಕಾಟಗಳನ್ನು ಮಾತ್ರ ಓದುತ್ತ ಹೋದರು. ಬೆರಳು ಜೋಮು ಹಿಡಿಯುವುದು, ಒಂಟಿ ಗಂಡಸರು, ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವ ನಾಯಿ, ಜಾರ್ಜಿಯಾ ರಾಜ್ಯದ ಲಿಲ್‌ಬರ್ನ್ ಊರಿನ ತೋಟಗಾರರು, ಒಂದೇ ಅಡ್ಡಹೆಸರಿನ ಹಲವು ಜನ. ಕೊನೆಗೆ ಅವರು ಹೋಗಿ ತಟ್ಟಿದ್ದು 62 ವರ್ಷದ ಒಬ್ಬ ವಿಧವೆಯ ಬಾಗಿಲನ್ನು. ಹುಡುಕಾಟಗಳು ತನ್ನವೇ ಎಂದು ಆಕೆ ಒಪ್ಪಿದಳು. ಕಂಪನಿ ಕಡತವನ್ನು ಹಿಂತೆಗೆದುಕೊಂಡಿತು, ಅದರ ತಂತ್ರಜ್ಞಾನ ಮುಖ್ಯಸ್ಥೆ ಹುದ್ದೆ ಬಿಟ್ಟರು. ಆದರೆ ಅಷ್ಟು ಹೊತ್ತಿಗೆ ಕಡತದ ಪ್ರತಿಗಳು ಎಲ್ಲೆಡೆ ಹಂಚಿಹೋಗಿದ್ದವು.

ಆಕೆಯ ಹೆಸರನ್ನು ಯಾರೂ ಕದಿಯಲಿಲ್ಲ, ಪಾಸ್‌ವರ್ಡ್ ಮುರಿಯಲಿಲ್ಲ. ಊರು, ಅಡ್ಡಹೆಸರು, ಮನೆಯ ಕಷ್ಟಗಳು ಒಂದೇ ದಾರದಲ್ಲಿ ಪೋಣಿಸಿಕೊಂಡಿದ್ದವು, ಅಷ್ಟೇ. ನಮ್ಮ ಜಿಲ್ಲೆಗಳಲ್ಲಿ ಆ ದಾರ ಇನ್ನೂ ಬಿಗಿ. ಇಲ್ಲಿ ಅಡ್ಡಹೆಸರೇ ಊರನ್ನೋ ಮನೆತನದ ಕಸುಬನ್ನೋ ಹೇಳುತ್ತದೆ. ತಾಲ್ಲೂಕಿನ ಹೆಸರು, ಅಡ್ಡಹೆಸರು, ಬೆಳೆ, ಓದುತ್ತಿರುವ ಕಾಲೇಜು ಇಷ್ಟನ್ನು ಕೂಡಿಸಿದರೆ ಮನೆಯ ಮುಂದೆ ಹೋಗಿ ನಿಲ್ಲಲು ವರದಿಗಾರರೇ ಬೇಕಾಗಿಲ್ಲ. ಖಾತೆಯಿಂದ ಹೊರಬಂದು ಹುಡುಕಿದರೂ ಸರ್ಚ್ ಎಂಜಿನ್‌ಗೆ ಐಪಿ ವಿಳಾಸವೂ ಬ್ರೌಸರ್‌ನಲ್ಲಿ ಅದು ಇಟ್ಟ ಕುಕಿಯೂ ದಾರದಂತೆ ಸಿಗುತ್ತವೆ. ತನ್ನ ಸರ್ವರ್‌ನ ಜಾಹೀರಾತು ದಾಖಲೆಗಳಲ್ಲಿ ಐಪಿ ವಿಳಾಸದ ಒಂದು ಭಾಗವನ್ನು 9 ತಿಂಗಳ ಮೇಲೆ, ಕುಕಿಯ ವಿವರವನ್ನು 18 ತಿಂಗಳ ಮೇಲೆ ತೆಗೆಯುವುದಾಗಿ ಗೂಗಲ್ ಹೇಳುತ್ತದೆ. ಅಲ್ಲಿಯವರೆಗೆ ದಾರ ಗಟ್ಟಿಯಾಗಿಯೇ ಇರುತ್ತದೆ.

ಎಒಎಲ್ ಪ್ರಕರಣದ ವರ್ಷವೇ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹೆಲೆನ್ ನಿಸೆನ್‌ಬಾಮ್ ಮತ್ತು ಡೇನಿಯಲ್ ಹೌ ಟ್ರ್ಯಾಕ್‌ಮಿನಾಟ್ ಎಂಬ ಪುಟ್ಟ ತಂತ್ರಾಂಶವನ್ನು ಹೊರತಂದರು. ಅದು ಮರೆಮಾಡುವುದಿಲ್ಲ, ಬದಲಾಗಿ ಬ್ರೌಸರ್‌ನ ಹಿಂದೆ ಕುಳಿತು ಏನೇನೋ ಸಂಬಂಧವಿಲ್ಲದ ಹುಡುಕಾಟಗಳನ್ನು ಕಳಿಸುತ್ತ ನಿಮ್ಮ ನಿಜವಾದ ಪ್ರಶ್ನೆಯನ್ನು ಗದ್ದಲದಲ್ಲಿ ಕಲಸಿಬಿಡುತ್ತದೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಮನೆಗಳಲ್ಲಿ ಐದು ಜನ ಒಂದೇ ಖಾತೆಯಲ್ಲಿ ಹುಡುಕುತ್ತ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದಾರೆ. ಕಂಪನಿಗೆ ಗೊಂದಲ, ಮನೆಯವರಿಗೆ ಮಾತ್ರ ಎಲ್ಲವೂ ಸ್ಪಷ್ಟ.

ಗರಜಿನ ಸವಾಲು

ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿಯ ಸವಾಲು, ಅಂದರೆ ಹರಾಜು, ನೋಡಿದವರಿಗೆ ಸರ್ಚ್ ಎಂಜಿನ್‌ನ ಜಾಹೀರಾತು ತಿಳಿಯುವುದು ಕಷ್ಟವಲ್ಲ. ನೀವು ಒಂದು ಪ್ರಶ್ನೆ ಬರೆದು ಒತ್ತಿದ ಕ್ಷಣದಲ್ಲಿ, ಉತ್ತರ ಬರುವುದರೊಳಗೆ, ಆ ಶಬ್ದಗಳ ಮೇಲೆ ಹರಾಜು ನಡೆದು ಮುಗಿದಿರುತ್ತದೆ. ಗೆದ್ದವರು ಪ್ರಾಯೋಜಿತ ಎಂಬ ಸಣ್ಣ ಅಕ್ಷರದ ಕೆಳಗೆ ಎಲ್ಲರಿಗಿಂತ ಮೇಲೆ ಕುಳಿತಿರುತ್ತಾರೆ. ವ್ಯತ್ಯಾಸವೊಂದಿದೆ. ಎಪಿಎಂಸಿಯಲ್ಲಿ ಮಾಲಿನ ಒಡೆಯ ಪಕ್ಕದಲ್ಲೇ ನಿಂತಿರುತ್ತಾನೆ, ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ ಎನ್ನುತ್ತಾನೆ. ಇಲ್ಲಿ ಸವಾಲಿಗೆ ಹೋಗುವುದು ನಿಮ್ಮ ಗರಜು, ನಿಮ್ಮ ಅಗತ್ಯ. ಅದರ ಒಡೆಯರಾದ ನಿಮಗೆ ಸವಾಲು ನಡೆದದ್ದೇ ಗೊತ್ತಾಗುವುದಿಲ್ಲ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನೊಬ್ಬ ಮಳೆಗೆ ಬೆಳೆ ಕೆಟ್ಟ ವರ್ಷ ರಾತ್ರಿ ಹನ್ನೊಂದಕ್ಕೆ ಅರ್ಜೆಂಟ್ ಸಾಲ ಎಂದು ಹುಡುಕಿದರೆ ಆ ಮೂರು ಸಂಗತಿಗಳೂ, ಅಂದರೆ ಊರು, ಹೊತ್ತು, ಆತುರ, ಬೆಲೆಯುಳ್ಳವು. ತನ್ನ ನಿಯಮದ ಪ್ರಕಾರ ಕಾಯಿಲೆ, ಹಣದ ಸಂಕಷ್ಟದಂಥ ವಿಷಯಗಳನ್ನು ಹಿಡಿದು ವ್ಯಕ್ತಿಯ ಬೆನ್ನು ಹತ್ತುವ ಜಾಹೀರಾತುಗಳಿಗೆ ಅವಕಾಶವಿಲ್ಲವೆಂದು ಗೂಗಲ್ ಹೇಳುತ್ತದೆ. ಆದರೆ ಆ ಪ್ರಶ್ನೆಯ ಮೇಲೆಯೇ ಬರುವ ಜಾಹೀರಾತನ್ನು ಅದು ತಡೆಯುವುದಿಲ್ಲ. ಅದನ್ನು ಒತ್ತಿ ಒಳಗೆ ಹೋದ ಮೇಲೆ ಎದುರಾಗುವ ತಾಣಗಳಲ್ಲಿ ನೀವು ಏನು ನೋಡಿದಿರೆಂದು ಬೆನ್ನು ಹತ್ತಿ ಬರೆದುಕೊಳ್ಳುವ ಬೇರೆ ಬೇರೆ ಕಂಪನಿಗಳ ಟ್ರ್ಯಾಕರ್‌ಗಳು ಕುಳಿತಿರುತ್ತವೆ, ಅವಕ್ಕೆ ಗೂಗಲ್‌ನ ನಿಯಮ ಅನ್ವಯಿಸುವುದಿಲ್ಲ. ಸಾಲ ಕೊಡುವ ಆ್ಯಪ್‌ಗಳು ಫೋನಿನ ಸಂಪರ್ಕ ಸಂಖ್ಯೆಗಳನ್ನೂ ಕರೆಗಳ ಪಟ್ಟಿಯನ್ನೂ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಕೇಳುವ ಆ್ಯಪ್ ಸಿಕ್ಕರೆ ಅದು ನೆಟ್ಟಗಿನ ವ್ಯವಹಾರದ್ದಲ್ಲ ಎಂದು ತಿಳಿಯಬಹುದು.

ಬೇರೆ ಸರ್ಚ್ ಎಂಜಿನ್‌ಗಳು, ಮತ್ತು ಕನ್ನಡ

ದೂರದ ಕಣ್ಣಿಗೆ ಮದ್ದು ಇಲ್ಲದಿಲ್ಲ. 2008ರಲ್ಲಿ ಶುರುವಾದ ಡಕ್‌ಡಕ್‌ಗೋ ಯಾರು ಏನು ಹುಡುಕಿದರೆಂಬ ದಾಖಲೆ ಇಟ್ಟುಕೊಳ್ಳುವುದಿಲ್ಲವೆಂದು ಹೇಳುತ್ತದೆ. ಅದರ ಜಾಹೀರಾತು ಆ ಹೊತ್ತಿನ ಪ್ರಶ್ನೆಯನ್ನು ಮಾತ್ರ ನೋಡುತ್ತದೆ. ಫಲಿತಾಂಶಗಳು ಬಹುಪಾಲು ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ ಬರುತ್ತವೆ. ನೆದರ್ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ನಿಮ್ಮ ಪ್ರಶ್ನೆಯನ್ನು ನಿಮ್ಮ ಗುರುತು ಕಳಚಿ ಗೂಗಲ್‌ಗೆ ಒಯ್ದು ಉತ್ತರ ತರುತ್ತದೆ. 2021ರಲ್ಲಿ ಬಂದ ಬ್ರೇವ್ ಸರ್ಚ್ ಜಾಲತಾಣಗಳ ಸ್ವಂತ ಸೂಚಿ (ಇಂಡೆಕ್ಸ್) ಕಟ್ಟಿಕೊಂಡಿದೆ. ಯಾರನ್ನೂ ಪೂಜೆಗೆ ಕೂಡಿಸಬೇಕಾಗಿಲ್ಲ: ಡಕ್‌ಡಕ್‌ಗೋದ ಬ್ರೌಸರ್ ಒಪ್ಪಂದಕ್ಕೆ ಕಟ್ಟುಬಿದ್ದು ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳಿಗೆ ದಾರಿ ಬಿಟ್ಟಿದ್ದನ್ನು ಸಂಶೋಧಕರೊಬ್ಬರು 2022ರಲ್ಲಿ ಹೊರಗೆಳೆದರು, ಗಲಾಟೆಯಾದ ಮೇಲೆ ಕಂಪನಿ ತಿದ್ದಿಕೊಂಡಿತು.

ಇವೆಲ್ಲವನ್ನೂ ನಾನು ಬಳಸಿದ್ದೇನೆ. ಇಂಗ್ಲಿಷಿನಲ್ಲಿ ಕಾಯಿಲೆ, ಕಾನೂನು, ಔಷಧದ ಬಗ್ಗೆ ಹುಡುಕಲು ಏನೂ ಕೊರತೆಯೆನಿಸಲಿಲ್ಲ. ಕನ್ನಡದಲ್ಲಿ ಬರೆದಾಗ, ಅದರಲ್ಲೂ ಊರ ವಿಷಯ ಕೇಳಿದಾಗ, ಫಲಿತಾಂಶ ಬಡವಾಗುತ್ತದೆ. ಮುದ್ದೇಬಿಹಾಳದ ಯಾವ ಲ್ಯಾಬ್ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದಕ್ಕೆ ಗೂಗಲ್ ಬಿಟ್ಟರೆ ಗತಿಯಿಲ್ಲ. ಆದ್ದರಿಂದ ನಾನು ಮಾಡಿಕೊಂಡ ಏರ್ಪಾಡು ಸಂಪೂರ್ಣ ತ್ಯಾಗದ್ದಲ್ಲ. ಬಸ್ಸು, ಲ್ಯಾಬು, ಕಾಯಿಪಲ್ಯದ ದರ ಎಲ್ಲ ಗೂಗಲ್‌ನಲ್ಲೇ. ಮೈ, ಮನಸ್ಸು, ಹಣ, ಮನೆಯ ಜಗಳ, ಇವುಗಳಿಗೆ ಇನ್ನೊಂದು ಬ್ರೌಸರ್. ಫೈರ್‌ಫಾಕ್ಸ್ ಫೋಕಸ್‌ನಂತೆ ಮುಚ್ಚಿದರೆ ತಾನೇ ಅಳಿಸಿಕೊಳ್ಳುವಂಥದ್ದು, ಅದರಲ್ಲಿ ಬೇರೆ ಸರ್ಚ್ ಎಂಜಿನ್, ಯಾವ ಖಾತೆಗೂ ಲಾಗಿನ್ ಇಲ್ಲ. ಇದರಲ್ಲೊಂದು ಲಾಭವಿದೆ: ಹತ್ತಿರದ ಕಣ್ಣು, ದೂರದ ಕಣ್ಣು ಎರಡಕ್ಕೂ ಒಂದೇ ಸಲಕ್ಕೆ ತೆರೆ ಬೀಳುತ್ತದೆ. ನಮ್ಮ ನೆಟ್ ಸಂಪರ್ಕವನ್ನು ಇನ್ನೊಂದು ಕಂಪನಿಯ ಮೂಲಕ ಹಾಯಿಸುವ ವಿಪಿಎನ್ ಹಾಕಿಕೊಳ್ಳಿ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಇಂದು ಸರ್ಚ್ ಎಂಜಿನ್‌ಗಳ ಜೊತೆಗಿನ ಮಾತುಕತೆ ಗೂಢಲಿಪಿಯಲ್ಲೇ ಸಾಗುವುದರಿಂದ ನೆಟ್ ಕೊಡುವ ಕಂಪನಿಗೆ ನೀವು ಯಾವ ತಾಣಕ್ಕೆ ಹೋದಿರೆಂಬುದು ತಿಳಿಯುತ್ತದೆ, ಅಲ್ಲಿ ಏನು ಕೇಳಿದಿರೆಂಬುದು ತಿಳಿಯುವುದಿಲ್ಲ. ಪುಕ್ಕಟೆ ವಿಪಿಎನ್ ಹಾಕಿದರೆ ತಿಳಿಯುವವರು ಬದಲಾಗುತ್ತಾರೆ, ಅಷ್ಟೇ.

2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದ ಮೇಲೆ, ಹೊಸ ಫೋನು ಸಜ್ಜುಗೊಳಿಸುವಾಗ ಸರ್ಚ್ ಎಂಜಿನ್ ಆರಿಸಿಕೊಳ್ಳುವ ಪರದೆಯನ್ನು ಭಾರತದಲ್ಲಿ ತೋರಿಸುವುದಾಗಿ ಕಂಪನಿ 2023ರ ಜನವರಿಯಲ್ಲಿ ಪ್ರಕಟಿಸಿತು. ಒಳ್ಳೆಯದೇ. ಆದರೆ ಆ ಪರದೆ ಬರುವ ಹೊತ್ತಿಗೆ ಫೋನು ಅಂಗಡಿಯ ಹುಡುಗನ ಕೈಯಲ್ಲಿರುತ್ತದೆ, ಅವನ ಹಿಂದೆ ಇನ್ನೂ ನಾಲ್ಕು ಗಿರಾಕಿಗಳು ನಿಂತಿರುತ್ತಾರೆ.

ಕಾನೂನಿನ ಮಾತು ಹೆಚ್ಚು ಬೆಳೆಸುವುದಿಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಚಾರವಾಗಿ ಹಾಕಿದ ಅರ್ಜಿಯ ಜಾಡಿನಲ್ಲೇ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಇವು ಸರ್ಕಾರದ ಮತ್ತು ಕಂಪನಿಗಳ ಎದುರು ನಿಲ್ಲಲು ಬೇಕಾದವು. ತಂಗಿಯ ಹುಡುಕಾಟ ಅಣ್ಣನ ಫೋನಿನಲ್ಲಿ ಕಂಡದ್ದಕ್ಕೆ ಯಾವ ಕಾಯ್ದೆಯಡಿ ಯಾರೂ ಅರ್ಜಿ ಹಾಕುವುದಿಲ್ಲ, ಹಾಕಬೇಕೆಂದು ನಾನೂ ಹೇಳುತ್ತಿಲ್ಲ.

ಟೈಪ್ ಮಾಡಲಾಗದವರು

ಇದುವರೆಗೆ ಹೇಳಿದ್ದೆಲ್ಲ ಓದಲು ಬರೆಯಲು ಬರುವವರ ಮಾತಾಯಿತು. ನಮ್ಮ ಅತ್ತೆಯವರ ವಯಸ್ಸಿನ ಹೆಂಗಸರು ಮೈಕಿನ ಚಿತ್ರ ಒತ್ತಿ ಗಟ್ಟಿಯಾಗಿ ಕೇಳುತ್ತಾರೆ, ಫೋನು ಗಟ್ಟಿಯಾಗಿ ಉತ್ತರ ಹೇಳುತ್ತದೆ. ನಾವಾಗಿ ಒಪ್ಪದ ಹೊರತು ಧ್ವನಿಯ ರೆಕಾರ್ಡಿಂಗನ್ನು ಖಾತೆಯಲ್ಲಿ ಉಳಿಸುವುದನ್ನು ಗೂಗಲ್ 2020ರಲ್ಲಿ ನಿಲ್ಲಿಸಿದೆ. ಆದರೆ ಅದು ಅಕ್ಷರಕ್ಕಿಳಿದ ಪ್ರಶ್ನೆ ಎಂದಿನಂತೆ ಚಟುವಟಿಕೆಯಲ್ಲಿ ಸೇರುತ್ತದೆ. ಮೊಣಕಾಲು ನೋವಿಗೆ ಏನು ಹಚ್ಚಬೇಕು ಎಂಬುದನ್ನು ಹೀಗೆ ಕೇಳಬಹುದು. ಮುಟ್ಟು ನಿಲ್ಲುವ ಕಾಲದ ಕಿರಿಕಿರಿಯನ್ನು, ಗರ್ಭಕೋಶದ ತೊಂದರೆಯನ್ನು ಪಡಸಾಲೆಯಲ್ಲಿ ಕುಳಿತು ಕೇಳಲಾಗುವುದಿಲ್ಲ. ಅವರು ಅವನ್ನು ಓಣಿಯ ಆಶಾ ಕಾರ್ಯಕರ್ತೆಯ ಹತ್ತಿರ ಒಯ್ಯುತ್ತಾರೆ, ಮತ್ತು ಆಕೆ ತನಗೆ ತಿಳಿಯದ್ದನ್ನು ತನ್ನ ಫೋನಿನಲ್ಲಿ ಹುಡುಕುತ್ತಾಳೆ.

ನನಗೆ ಪರಿಚಯದ ಅಂಥ ಒಬ್ಬ ಕಾರ್ಯಕರ್ತೆಯ ಡಿಸ್ಕವರ್ ಪುಟವನ್ನು ಆಕೆಯೇ ತೋರಿಸಿದಳು. ಓಣಿಯ ಅರ್ಧದಷ್ಟು ಕಾಯಿಲೆ ಅದರಲ್ಲಿತ್ತು. "ನನಗೇನ್ ಆಗೂದಿಲ್ಲರಿ ಅಕ್ಕಾರ, ಇವು ಯಾರವಂತ ನನಗ ಒಬ್ಬಾಕಿಗೇ ಗೊತ್ತು. ಆದ್ರ ನನ್ನ ಮಗಾ ಸಂಜಿಕ ಇದ್ರಾಗ ಗೇಮ್ ಆಡ್ತಾನ್ರಿ, ಅವಂಗ ಇವು ಕಾಣದಂಗ ಮಾಡಿಕೊಡ್ರಿ" ಎಂದಳು. ವೆಬ್ ಮತ್ತು ಆ್ಯಪ್ ಚಟುವಟಿಕೆಯನ್ನು ನಿಲ್ಲಿಸಿ, ಹಳೆಯದನ್ನೆಲ್ಲ ಅಳಿಸಿ, ಹೆಂಗಸರ ಪ್ರಶ್ನೆಗಳಿಗೆಂದೇ ಫೋಕಸ್ ಬ್ರೌಸರನ್ನು ಹಾಕಿಕೊಟ್ಟೆ. ಆಮೇಲೆ ಭೇಟಿಯಾದಾಗ ಈಗ ಆ ಪುಟದಲ್ಲಿ ಬರೀ ಕ್ರಿಕೆಟ್ ಮತ್ತು ಬಂಗಾರದ ದರ ಬರುತ್ತದೆಂದು ಹೇಳಿದಳು. ಬಂಗಾರದ ದರ ಇರಲಿ, ಕ್ರಿಕೆಟ್ ತೆಗೆಯಲು ಬರುತ್ತದೆಯೇ ಎಂದೂ ಕೇಳಿದಳು.